ಕುಡಿದು ತೋರಿಸಿದ ನೀರು

ರಬಾಳೆಯ ಪ್ರಯೋಗಾಲಯದ ಬಾಗಿಲಲ್ಲಿದ್ದ ಹಾಜರಿ ಯಂತ್ರ ಆ ಬೆಳಿಗ್ಗೆಯೂ ಸರ್ವೋತ್ತಮನ ಬೆರಳನ್ನು ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷ ಆಮ್ಲದ ಪಾತ್ರೆಗಳನ್ನು ತೊಳೆದು ತೊಳೆದು ಅವನ ಬೆರಳ ತುದಿಯ ಗೆರೆಗಳು ಸವೆದುಹೋಗಿದ್ದವು. ‘ಪ್ಲೀಸ್ ಟ್ರೈ ಅಗೇನ್’ ಎಂದಿತು ಯಂತ್ರದೊಳಗಿನ ಹೆಣ್ಣುದನಿ. ಹಿಂದೆ ನಿಂತಿದ್ದ ಇಬ್ಬರು ಹೊಸ ಹುಡುಗಿಯರು ಕೊಡೆಯ ನೀರು ಕೊಡವುತ್ತ ನಕ್ಕರು. ತನ್ನನ್ನು ನೋಡಿಯೇ ನಕ್ಕಿರಬೇಕೆಂದು ಅವನಿಗೆ ಅನ್ನಿಸಿತು. ಬೆರಳನ್ನು ಪ್ಯಾಂಟಿಗೆ ಉಜ್ಜಿ ಮತ್ತೆ ಒತ್ತಿದ. ಯಂತ್ರ ಒಪ್ಪುವ ತನಕ ಅಲ್ಲೇ ನಿಲ್ಲಬೇಕು. ಅಲ್ಲಿ ನಿಂತರೆ ಕಣ್ಣಿನ ನೇರಕ್ಕೆ ಅವನದೇ ಫೋಟೊ. ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಸ್ಟೀಲ್ ಲೋಟವನ್ನು ತುಟಿಗಿಟ್ಟು, ಕಣ್ಣು ಅರೆಮುಚ್ಚಿ ನೀರು ಕುಡಿಯುತ್ತಿರುವ ನಲವತ್ತಾರು ವರ್ಷದ ಗಂಡಸು. ಸುತ್ತ ಹಳ್ಳಿಯ ಜನ. ಕೆಳಗೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ, ನಮ್ಮ ವರದಿಯನ್ನು ಮೊದಲು ನಾವು ನಂಬುತ್ತೇವೆ, ಎಂದು ಬರೆಸಿದ್ದರು. ಬಂದವರಿಗೆಲ್ಲ ಮ್ಯಾನೇಜರ್ ರಘುಪತಿ ಅದನ್ನು ತೋರಿಸುತ್ತಿದ್ದರು. ಆ ಲೋಟದಲ್ಲಿದ್ದದ್ದು ನದಿಯ ನೀರಲ್ಲ ಎಂಬುದು ಗೊತ್ತಿದ್ದದ್ದು ಸರ್ವೋತ್ತಮನೊಬ್ಬನಿಗೇ. ಮೂರನೆಯ ಸಲಕ್ಕೆ ಯಂತ್ರ ‘ಥ್ಯಾಂಕ್ ಯೂ’ ಎಂದಿತು. ಅವನು ತಲೆ ತಗ್ಗಿಸಿ ಒಳಗೆ ನಡೆದ.

ಹಾಟ್ ಪ್ಲೇಟಿನ ಮೇಲೆ ನಿನ್ನೆ ಇಟ್ಟಿದ್ದ ನದಿಯ ನೀರು ಬತ್ತಿ, ಬಟ್ಟಲ ತಳದಲ್ಲಿ ಉಗುರಿನಷ್ಟು ಬಿಳಿಯ ಪುಡಿ ಉಳಿದಿತ್ತು. ಇದು ಅವನ ನಾಲ್ಕು ವರ್ಷದ ಕೆಲಸ. ಮಾಜಿವಾಡಾ ದಾಟಿ, ಘೋಡ್‌ಬಂದರ್ ರಸ್ತೆ ಹಿಡಿದು, ಹೆದ್ದಾರಿ ಸೇರಿ ಉತ್ತರಕ್ಕೆ ಐದು ಗಂಟೆ ಹೋದರೆ ಒಂದು ನದಿ, ನದಿಯ ದಂಡೆಗೆ ಅಣು ವಿದ್ಯುತ್ ಸ್ಥಾವರ. ಪ್ರತಿ ಮಂಗಳವಾರ ಪ್ರಯೋಗಾಲಯದ ಜೀಪು ಅಲ್ಲಿಗೆ ಹೋಗುತ್ತಿತ್ತು. ಕಲಬುರಗಿ ಕಡೆಯ ಮಾಪಣ್ಣ ಮೊಣಕಾಲಿನ ತನಕ ಇಳಿದು, ಗೊತ್ತುಮಾಡಿದ ಐದು ಜಾಗದಲ್ಲಿ ಕ್ಯಾನು ತುಂಬಿ ತರುತ್ತಿದ್ದ. ಆ ನೀರನ್ನು ಬತ್ತಿಸಿ, ಉಳಿದ ಪುಡಿಯನ್ನು ಸೀಸದ ಗೋಡೆಯ ಪೆಟ್ಟಿಗೆಯೊಳಗಿಟ್ಟು, ಅದರಿಂದ ಹೊರಡುವ ವಿಕಿರಣವನ್ನು ಗಂಟೆಗಟ್ಟಲೆ ಎಣಿಸಿ ಬರೆಯುವುದು ಸರ್ವೋತ್ತಮನ ಪಾಲಿನದು. ಸಂಖ್ಯೆಗಳು ಒಂದು ದಿನವೂ ಮಿತಿಯ ಹತ್ತಿರಕ್ಕೂ ಹೋದದ್ದಿಲ್ಲ. ಯಾವ ನದಿಯಲ್ಲೂ, ಯಾವ ಬಂಡೆಯಲ್ಲೂ ಇರುವಷ್ಟೇ. ಅವನು ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ತಿದ್ದಿದ್ದರೆ ಈ ಸಂಕಟಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು ಎಂದು ಈಗೀಗ ಅನ್ನಿಸುತ್ತಿತ್ತು. ತಾನು ಬರೆದದ್ದೆಲ್ಲ ನಿಜ, ಮಾಡಿ ತೋರಿಸಿದ್ದು ಮಾತ್ರ ಸುಳ್ಳು.

ಜಪಾನಿನ ಅಣು ಸ್ಥಾವರ ಸಿಡಿದ ಸುದ್ದಿ ಟಿವಿಯಲ್ಲಿ ಬರತೊಡಗಿ ಒಂದೂವರೆ ತಿಂಗಳಾಗಿರಬಹುದು, ಏಪ್ರಿಲ್ ಕೊನೆಯ ವಾರ. ನದಿಯಂಚಿನ ಹಳ್ಳಿಯ ಶಾಲೆಯಲ್ಲಿ ಜನರನ್ನು ಸೇರಿಸಿದ್ದರು. ಸರ್ವೋತ್ತಮ ಸಂಖ್ಯೆಗಳನ್ನು ಹಿಂದಿಯಲ್ಲಿ ಓದಿದ. ಸೆಖೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಯಾರಿಗೂ ಏನೂ ತಿಳಿಯುತ್ತಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಆಗ ಮುಂದಿನ ಸಾಲಿನಲ್ಲಿ ಮೀನಿನ ಬುಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಎದ್ದುನಿಂತು, “ಅದೆಲ್ಲ ಇರಲಿ ಸಾಹೇಬ, ನೀನು ಕುಡಿಯುತ್ತೀಯಾ?” ಎಂದು ಕೇಳಿದಳು. ಜನ ನಕ್ಕರು, ಆಮೇಲೆ ಎಲ್ಲರೂ ಅವನತ್ತ ತಿರುಗಿದರು. ರಘುಪತಿ ಅವನ ಕಿವಿಯ ಹತ್ತಿರ ಬಾಗಿ, “ಒಂದು ಲೋಟ ಕುಡಿದು ತೋರಿಸಿಬಿಡಿ ಮಾರಾಯ್ರೆ. ನಿಮ್ಮ ನೂರು ರಿಪೋರ್ಟಿಗಿಂತ ಅದು ಗಟ್ಟಿ” ಎಂದರು. ಆಗತಾನೆ ತುಂಬಿ ತಂದ ಕ್ಯಾನು ಶಾಲೆಯ ಹಿಂದೆ ಜೀಪಿನಲ್ಲಿತ್ತು. ಮಾಪಣ್ಣ ಲೋಟ ಹಿಡಿದು ಹೊರಟಿದ್ದ. “ನೀನಿರು, ನಾನೇ ತರ್ತೇನೆ” ಎಂದು ಸರ್ವೋತ್ತಮ ಅವನ ಕೈಯಿಂದ ಲೋಟ ತೆಗೆದುಕೊಂಡ.

ಮೋಸ ಮಾಡಬೇಕೆಂದು ಹೋದದ್ದಲ್ಲ. ಇದನ್ನು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಕ್ಯಾನಿನ ಮುಚ್ಚಳ ತಿರುಗಿಸಿದ್ದು ನೆನಪಿದೆ. ನೀರು ತಿಳಿಯಾಗಿಯೇ ಇತ್ತು. ಸಣ್ಣದೊಂದು ಎಲೆ ತೇಲುತ್ತಿತ್ತು. ಅದೇ ಹೊತ್ತಿಗೆ ಕೈ ಪಕ್ಕದ ಚೀಲದೊಳಗೆ ಹೋಗಿ, ಹೆಂಡತಿ ಜಯಲತಾ ಬೆಳಿಗ್ಗೆ ಡೊಂಬಿವಲಿಯ ಮನೆಯಲ್ಲಿ ತುಂಬಿ ಕೊಟ್ಟಿದ್ದ ಬಾಟಲಿಯನ್ನು ತೆಗೆದು ಲೋಟಕ್ಕೆ ಬಗ್ಗಿಸಿತ್ತು. ಜೀರಿಗೆ ಹಾಕಿ ಕುದಿಸಿದ ನೀರು. ಶಾಲೆಯೊಳಗೆ ನೂರು ಜನರ ಎದುರು ಕುಡಿಯುವಾಗ ಆ ಜೀರಿಗೆಯ ಪರಿಮಳ ಎಲ್ಲರ ಮೂಗಿಗೂ ಬಡಿಯುತ್ತದೆ ಎಂದು ಹೆದರಿ ಅವನು ಕಣ್ಣು ಮುಚ್ಚಿದ್ದ. ಫೋಟೊದಲ್ಲಿ ಅದು ಧೈರ್ಯದ ಹಾಗೆ ಕಾಣುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಬಾಗಿಲ ಹತ್ತಿರ ನಿಂತಿದ್ದ ಮಾಪಣ್ಣನೂ ತಟ್ಟಿದ. ಮನೆಯಲ್ಲಿ ಮಗಳು ದಿಶಾ ಆ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕಿ, “ಪಪ್ಪಾ, ಡರ್ ನಹೀ ಲಗಾ?” ಎಂದು ಕೇಳಿದಾಗ ಅವನು ಹೆದರಿಕೆಯೇ ಆಗಿರಲಿಲ್ಲ ಎನ್ನುವಂತೆ “ನಹೀ” ಎಂದಿದ್ದ. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು.

ಕಾರಣ ಇಲ್ಲದಿಲ್ಲ. 2005ರ ಜುಲೈಯಲ್ಲಿ ನೆರೆ ಬಂದಾಗ ರೈಲು ನಿಂತು, ಎದೆಮಟ್ಟದ ಕೊಳಚೆ ನೀರಿನಲ್ಲಿ ನಡೆದು ಮನೆ ಸೇರಿದ್ದ. ಆಮೇಲೆ ಕಾಮಾಲೆಯಾಗಿ ಎರಡು ತಿಂಗಳು ಮಲಗಿದ್ದ. ಜಯಲತಾ ನೀರು ಕುದಿಸಲು ಸುರುಮಾಡಿದ್ದು ಅಂದಿನಿಂದ. ಹಸಿ ನದಿ ನೀರು ಕುಡಿಯಬಾರದು, ಅದರಲ್ಲಿ ಊರಿನ ಕೊಳೆಯೆಲ್ಲ ಇರುತ್ತದೆ. ನಾನು ಹೆದರಿದ್ದು ಕ್ರಿಮಿಗೆ, ವಿಕಿರಣಕ್ಕಲ್ಲ. ಈ ವಾದವನ್ನು ಅವನು ಠಾಣೆ ಸ್ಟೇಷನ್ನಿಗೆ ಹೋಗುವ ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು ನಿಂತು, ಯಾರದೋ ಮೊಣಕೈ ಪಕ್ಕೆಗೆ ಚುಚ್ಚುತ್ತಿರುವಾಗಲೂ ಮನಸ್ಸಿನಲ್ಲೇ ಮಂಡಿಸುತ್ತಿದ್ದ. ಅರ್ಧ ಗಂಟೆಯಲ್ಲಿ ಠಾಣೆ ಬರುತ್ತಿತ್ತು. ಅಲ್ಲಿ ಇಳಿದು ಇನ್ನೊಂದು ರೈಲು ಹಿಡಿಯುವ ಮೊದಲು, ಸ್ಟೇಷನ್ನಿನ ಹೊರಗೆ ನೊಣ ಕೂತ ಗ್ಲಾಸಿನಲ್ಲಿ ಐಸು ಹಾಕಿದ ಕಬ್ಬಿನ ಹಾಲು ಕುಡಿಯುತ್ತಿದ್ದ. ಇಡೀ ಬೇಸಗೆ ಕುಡಿದಿದ್ದ. ಒಂದು ದಿನ ಖಾಲಿ ಗ್ಲಾಸನ್ನು ಕೆಳಗಿಡುವಾಗ ವಾದ ಕುಸಿಯಿತು. ಕ್ರಿಮಿಗೆ ಹೆದರುವವನಲ್ಲ ನೀನು. ಹಾಗಾದರೆ ಯಾತಕ್ಕೆ ಹೆದರಿದೆ? ನಿನ್ನ ಕೈಯಾರೆ ಎಣಿಸಿದ ಸಂಖ್ಯೆಯನ್ನು ನಿನ್ನ ಗಂಟಲು ನಂಬಲಿಲ್ಲವೆ? ನಂಬದಿದ್ದರೆ ಪ್ರತಿ ವಾರ ಸಹಿ ಹಾಕುವವನು ಯಾರು?

“ಸರ್ವೋತ್ತಮ, ಒಂಚೂರು ಬನ್ನಿ” ಎಂದು ರಘುಪತಿ ಗಾಜಿನ ಕೋಣೆಯಿಂದ ಕರೆದರು. ಉಡುಪಿ ಕಡೆಯವರು, ಅವನನ್ನು ಕೆಲಸಕ್ಕೆ ತಂದವರೂ ಅವರೇ. ಹೊರಗೆ ಮಳೆ ಜೋರಾಗಿ ತಗಡಿನ ಮಾಡಿನ ಮೇಲೆ ಬೀಳುತ್ತಿದ್ದುದರಿಂದ ಗಟ್ಟಿಯಾಗಿ ಮಾತಾಡಬೇಕಿತ್ತು.

“ಮುಂದಿನ ಶುಕ್ರವಾರ ಮತ್ತೆ ಮೀಟಿಂಗ್ ಉಂಟು. ಹೊಳೆಯ ಆಚೆ ದಡದ ಹಳ್ಳಿಯವರು ನಮಗೂ ಕುಡಿದು ತೋರಿಸ್ಲಿ ಅಂತಾರಂತೆ. ನಿಮ್ಮನ್ನೇ ಕಳಿಸಿ ಅಂತ ಹೇಳಿದ್ದಾರೆ. ನೀವೀಗ ಫೇಮಸ್ ಅಲ್ವಾ.”

“ಆಯ್ತು” ಎಂದ. ಇಲ್ಲ ಎನ್ನಲು ಒಂದೇ ಒಂದು ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ. ಹೇಳಿದರೆ ನಾಲ್ಕು ವರ್ಷದ ನಿಜವಾದ ಸಂಖ್ಯೆಗಳೆಲ್ಲ ಒಂದೇ ದಿನದಲ್ಲಿ ಸುಳ್ಳಾಗುತ್ತವೆ. ಅಳೆದವನೇ ಕುಡಿಯಲಿಲ್ಲವಂತೆ ಎಂದು ತಿಳಿದ ಮೇಲೆ ಯಾವ ಹಳ್ಳಿ ಯಾವ ವರದಿಯನ್ನು ನಂಬೀತು?

“ಇನ್ನೊಂದು ವಿಷಯ. ಮಾಪಣ್ಣ ಮೂರು ದಿನದಿಂದ ಬರ್ಲಿಲ್ಲ, ಗೊತ್ತುಂಟಲ್ಲ? ಅವನ ಮಗಳಿಗೆ ಜಾಂಡಿಸ್. ಕಳ್ವಾದ ಆಸ್ಪತ್ರೆಯಲ್ಲಿ ಹಾಕಿದ್ದಾನೆ. ಅವನು ಹೊಳೆನೀರು ಮನೆಗೆ ತಗೊಂಡು ಹೋಗ್ತಿದ್ದ ಅಂತ ಡ್ರೈವರ್ ಹೇಳ್ದ. ನೀವೇ ಗೇಟ್ ಪಾಸ್ ಕೊಟ್ಟದ್ದಂತೆ?”

“ಹೌದು. ನೀರಿಗೆ ತ್ರಾಸು ಅಂತ ಕೇಳಿದ.”

“ಎಂತ ಮಾರಾಯ್ರೆ ನೀವು! ಈಗ ಅವನ ಹೆಂಡತಿ ರೇಡಿಯೇಶನ್ ನೀರಿಂದ್ಲೇ ಹೀಗಾಯ್ತು ಅಂತ ವಾರ್ಡಿನಲ್ಲಿ ಬೊಬ್ಬೆ ಹಾಕಿದ್ರೆ? ಯಾವನಾದ್ರೂ ಪೇಪರಿನವ ಕೇಳಿದ್ರೆ? ಒಮ್ಮೆ ಹೋಗಿ ಬನ್ನಿ. ನಿಮ್ಮ ಮೇಲೆ ಅವನಿಗೆ ಭಕ್ತಿ. ಸಮಾಧಾನ ಹೇಳಿ.”

ಆಸ್ಪತ್ರೆಗೆ ಹೊರಟ ರಿಕ್ಷಾ ದಿಘಾದ ದಾರಿಯಲ್ಲಿ ತೆವಳುತ್ತಿತ್ತು. ಎಡಕ್ಕೆ ಗುಡ್ಡದ ಬುಡದಲ್ಲಿ ನೀಲಿ ಪ್ಲಾಸ್ಟಿಕ್ಕು ಹೊದ್ದ ಮನೆಗಳು. ಅವುಗಳಲ್ಲಿ ಒಂದು ಮಾಪಣ್ಣನದು. ನಲ್ಲಿಯಲ್ಲಿ ಅರ್ಧ ಗಂಟೆ ನೀರು, ಮೇ ತಿಂಗಳಲ್ಲಿ ಅದೂ ಇಲ್ಲ. ಆ ಸಭೆಯಿಂದ ಹಿಂದಿರುಗುವಾಗ ಜೀಪಿನಲ್ಲಿ ಮಾಪಣ್ಣ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಹೇಳಿದ್ದ: “ನಾಕು ವರ್ಷ ಆಯ್ತ್ರಿ ಸಾಹೇಬ್ರ, ಈ ಹೊಳಿ ನೀರು ತುಂಬ್ಲಾಕತ್ತಿ. ಇವತ್ತಿನ ತನಾ ಒಂದು ಹನಿ ಬಾಯಿಗಿ ಹಚ್ಚಿದ್ದಿಲ್ಲ. ಮನಿಗಿ ಹೋದ್ರ ಹೊರಗೇ ಕೈಕಾಲು ತೊಳಿಬೇಕು, ಇಲ್ಲಾಂದ್ರ ಪೋರಿಗಿ ಮುಟ್ಲಾಕ ಬಿಡಂಗಿಲ್ಲ ನನ್ನ ಹೆಣ್ತಿ ಮರಗಮ್ಮ. ಇವತ್ತು ನೀವು ಕುಡದ್ರಲ್ಲ, ನಂದೂ ಅಂಜಿಕಿ ಹೋಯ್ತು. ಬೊಗಸಿ ತುಂಬ ಕುಡದೀನಿ.” ಆ ಹೊತ್ತಿಗೆ ಒಂದು ಮಾತು ಹೇಳಬಹುದಿತ್ತು. ನಿಜ ಹೇಳಬೇಕೆಂದೇನೂ ಇಲ್ಲ. ಕುದಿಸಿ ಕುಡಿ, ಅಷ್ಟೇ. ಅವನು ಬಾಯಿ ತೆರೆದಿದ್ದ. ಆದರೆ ನೀವು ಕುದಿಸಿ ಕುಡಿದಿರೇನು ಎಂದು ಮಾಪಣ್ಣ ತಿರುಗಿ ಕೇಳಿದಂತೆ ಅನ್ನಿಸಿ ಬಾಯಿ ಮುಚ್ಚಿಕೊಂಡ. ಮಾಪಣ್ಣ ಎಂದೂ ಹಾಗೆ ಕೇಳುವವನಲ್ಲ. ಮುಂದಿನ ಮಂಗಳವಾರದಿಂದ ಜೀಪಿನಲ್ಲಿ ಎರಡು ಕ್ಯಾನು ಹೆಚ್ಚಿಗೆ ಬರತೊಡಗಿದವು. ಪಾಸಿನ ಮೇಲೆ ‘ನೀರು, ಎರಡು ಕ್ಯಾನು, ಸ್ವಂತ ಬಳಕೆಗೆ’ ಎಂದು ಬರೆದು ಸಹಿ ಹಾಕುವಾಗ ಪ್ರತಿ ಸಲವೂ ಆ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಆರು ವಾರ ಬಂತು, ಆರು ವಾರ ನುಂಗಿದ. ಕೊನೆಯ ಎರಡು ವಾರ ಪಾಸನ್ನು ಮುಖ ನೋಡದೆ ಕೊಟ್ಟಿದ್ದ.

ವಿಟಾವಾದ ರೈಲು ಸೇತುವೆಯ ಕೆಳಗೆ ನೀರು ನಿಂತು ರಿಕ್ಷಾ ಮುಂದೆ ಹೋಗಲೊಲ್ಲದು. ಚಾಲಕ ಇಳಿಯಿರಿ ಎಂದ. ಸರ್ವೋತ್ತಮ ಪ್ಯಾಂಟು ಮಡಚಿಕೊಂಡು ಆ ಕಂದು ನೀರಿಗೆ ಕಾಲಿಟ್ಟ. ವಾಪಸು ಹೋಗಿಬಿಡಬಹುದು, ರಸ್ತೆ ಮುಚ್ಚಿತ್ತು ಎಂದರೆ ರಘುಪತಿ ನಂಬುತ್ತಾರೆ ಎಂಬ ಯೋಚನೆ ಬಂತು. ಬಂದ ಕೂಡಲೇ ನಾಚಿಕೆಯಾಗಿ ಇನ್ನೂ ಬೇಗ ನಡೆದ.

ಮಕ್ಕಳ ವಾರ್ಡಿನ ಹೊರಗೆ, ಉದ್ದನೆಯ ಜಗುಲಿಯಲ್ಲಿ ಮಾಪಣ್ಣ ಗೋಡೆಗೊರಗಿ ಕೂತಿದ್ದ. ಇವನನ್ನು ಕಂಡು ದಡಬಡಿಸಿ ಎದ್ದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ.

“ಅಯ್ಯ, ಇಂಥ ಮಳ್ಯಾಗ ಯಾಕ ಬಂದ್ರಿ ಸಾಹೇಬ್ರ! ಜೀವಕ್ಕ ಏನೂ ಇಲ್ಲ ಅಂತ ಇವತ್ತು ಮುಂಜಾನಿ ಡಾಕ್ಟರ್ ಅಂದಾರ. ಮೊನ್ನಿ ಮಾತ್ರ ಕೈ ಬಿಟ್ಟಂಗೇ ಆಗಿತ್ರಿ. ಕರದ್ರ ಓ ಅಂತಿದ್ದಿಲ್ಲ.”

ಬಾಗಿಲ ಗಾಜಿನಿಂದ ಸರ್ವೋತ್ತಮ ಒಳಗೆ ನೋಡಿದ. ಮೂರನೆಯ ಮಂಚದಲ್ಲಿ ಎಂಟು ವರ್ಷದ ದಾನೇಶ್ವರಿ ಮಲಗಿದ್ದಳು. ಮುಖವೆಲ್ಲ ಹಳದಿ. ಕೈಗೆ ಚುಚ್ಚಿದ ಸೂಜಿ ಕದಲದಂತೆ ಒಂದು ರಟ್ಟು ಕಟ್ಟಿದ್ದರು. ಪಕ್ಕದಲ್ಲಿ ಮರಗಮ್ಮ ಒದ್ದೆ ಬಟ್ಟೆಯಿಂದ ಅವಳ ಕುತ್ತಿಗೆ ಒರೆಸುತ್ತಿದ್ದಳು. ಹುಡುಗಿ ಕಣ್ಣು ಬಿಟ್ಟಾಗ ಆ ಹಳದಿ ಕಣ್ಣುಗಳು ನೇರ ತನ್ನ ಮೇಲೆ ಬಿದ್ದವೆನಿಸಿ ಅವನು ಹಿಂದೆ ಸರಿದ. ಆರು ವರ್ಷದ ಹಿಂದೆ ಕನ್ನಡಿಯಲ್ಲಿ ಕಂಡಿದ್ದ ತನ್ನದೇ ಕಣ್ಣುಗಳ ಬಣ್ಣ ಅದು. ಬಾಯಿಯ ಕಹಿ, ಅನ್ನದ ವಾಸನೆಗೇ ಹೊಟ್ಟೆ ತೊಳಸುವುದು, ಎಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪಾಸಿಗೆ ಸಹಿ ಹಾಕಿದ್ದ.

“ಜನ ಏನೇನರೇ ಅಂತಾರ್ರಿ” ಎಂದ ಮಾಪಣ್ಣ. “ಹೊಳಿ ನೀರಿಂದ ಆಯ್ತು ಅಂತಾರ. ನಾ ಅಂದೆ, ಸುಳ್ಳು. ನಮ್ಮ ಸಾಹೇಬ್ರೇ ಎಲ್ಲಾರ ಮುಂದ ಕುಡದಾರ, ಅವರಿಗಿ ಏನಾಯ್ತು? ಗುಂಡಕಲ್ಲಿನಂಗ ಅದಾರ.”

ಸಮಾಧಾನ ಹೇಳಲು ಬಂದವನಿಗೆ ಸಮಾಧಾನ ಸಿದ್ಧವಾಗಿಯೇ ಇತ್ತು. ಹೌದಪ್ಪ ಎಂದು ಹೆಗಲು ತಟ್ಟಿ ಹೊರಟುಬಿಡಬಹುದಿತ್ತು. ಹೊರಡಲೆಂದೇ ಕೊಡೆಯನ್ನು ಕೈಗೆತ್ತಿಕೊಂಡ. ಆದರೆ ಮಾಪಣ್ಣ ಅವನ ಒದ್ದೆ ಕಾಲುಗಳನ್ನು ನೋಡಿ, ತನ್ನ ಹೆಗಲ ಮೇಲಿನ ಟವೆಲ್ಲು ತೆಗೆದು, ಒರೆಸಲೆಂದು ಬಗ್ಗಿದ. ಸರ್ವೋತ್ತಮ ಅವನ ತೋಳು ಹಿಡಿದು ಎತ್ತಿದ.

“ಮಾಪಣ್ಣ, ಅವತ್ತು ನಾನು ಕುಡಿದದ್ದು ಹೊಳೆ ನೀರಲ್ಲ.”

ಮಾಪಣ್ಣನಿಗೆ ಅರ್ಥವಾಗಲಿಲ್ಲ. “ಯಾವತ್ತ್ರಿ?”

“ಶಾಲೆಯಲ್ಲಿ. ಜೀಪಿನ ಹಿಂದೆ ಹೋಗಿ ಲೋಟಕ್ಕೆ ನನ್ನ ಬಾಟ್ಲಿಯ ನೀರು ಹಾಕಿದೆ. ಮನೆಯಿಂದ ತಂದದ್ದು. ಕುದಿಸಿದ್ದು.”

ನರ್ಸೊಬ್ಬಳು ತಟ್ಟೆ ಹಿಡಿದು ಅವರ ನಡುವೆಯೇ ದಾಟಿ ಹೋದಳು. ಮಾಪಣ್ಣ ಒಂದು ಹೆಜ್ಜೆ ಹತ್ತಿರ ಬಂದ.

“ಅಂದ್ರ ಆ ನೀರು ಖರೇನೇ ಕೆಟ್ಟದ್ದು ಅದ ಏನ್ರಿ?”

“ಇಲ್ಲ, ಇಲ್ಲ. ನೀವೆಲ್ಲ ಹೆದರುವ ಹಾಗಿನದ್ದು ಏನೂ ಅದರಲ್ಲಿ ಇಲ್ಲ. ನನ್ನ ಅಳತೆ ಸರಿ ಉಂಟು. ಆದ್ರೆ ಯಾವ ಹೊಳೆ ನೀರನ್ನೂ ಹಸಿ ಕುಡೀಬಾರ್ದು. ಹೊಲಸು ಇರ್ತದೆ. ಈ ಕಾಯಿಲೆ ಅದರಿಂದ್ಲೇ ಬರುದು. ನಾನು ಹೇಳ್ಬೇಕಿತ್ತು ನಿಂಗೆ.”

“ಮತ್ತ ನೀವ್ಯಾಕ ಕುಡೀಲಿಲ್ಲ?”

ಅಷ್ಟು ಸರಳವಾಗಿ ಅದನ್ನು ಯಾರೂ ಕೇಳಿರಲಿಲ್ಲ, ಅವನೂ ಕೇಳಿಕೊಂಡಿರಲಿಲ್ಲ. ಹೊಲಸು ಎಂಬ ಉತ್ತರ ಬಾಯಿಯಲ್ಲೇ ಇತ್ತು. ಅದನ್ನು ಹೇಳಿದರೆ ಮುಗಿಯುತ್ತಿತ್ತು. “ಗೊತ್ತಿಲ್ಲ” ಎಂದ. ಆ ಪ್ರಶ್ನೆಗೆ ಎರಡು ತಿಂಗಳಲ್ಲಿ ಅವನು ಕೊಟ್ಟುಕೊಂಡ ಉತ್ತರಗಳಲ್ಲಿ ಅದೊಂದೇ ನಿಜವಿರಬೇಕು.

ಮಾಪಣ್ಣ ಮೆಲ್ಲಗೆ ಕುಕ್ಕರಗಾಲಿನಲ್ಲಿ ಕೂತ. ಬೈಯಲಿ, ಕೊರಳಪಟ್ಟಿ ಹಿಡಿಯಲಿ ಎಂದು ಸರ್ವೋತ್ತಮ ಕಾದ. ಹಾಗೇನಾದರೂ ಆಗಿದ್ದರೆ ಒಂದು ಬಗೆಯ ಬಿಡುಗಡೆ ಸಿಗುತ್ತಿತ್ತು. ಮಾಪಣ್ಣ ಬಾಗಿಲ ಗಾಜಿನ ಕಡೆ ನೋಡುತ್ತ, ದನಿ ತಗ್ಗಿಸಿ, “ಮರಗಮ್ಮಗ ಹೇಳ್ಬ್ಯಾಡ್ರಿ” ಎಂದ.

“ಏನು?”

“ನಿಮ್ಮ ಕಾಲು ಬೀಳ್ತೀನಿ. ಆಕಿ ಬ್ಯಾಡ ಅಂದಿದ್ಳು. ಕ್ಯಾನು ಒಳಗ ತರಬ್ಯಾಡ ಅಂತ ಬಾಗಿಲಿಗಿ ಅಡ್ಡ ನಿಂತಿದ್ಳು. ಸಾಹೇಬ್ರು ಕುಡದಾರ, ನಿನಗೇನು ತಿಳಿತಾದ ಅಂತ ಆಕಿ ಕೈ ಹಿಡದು ದೂಡಿ ಒಳಗ ಒಯ್ದೀನಿ. ಮೊದಲನೇ ಗ್ಲಾಸು ಪೋರಿಗಿ ನಾನೇ ಕುಡಿಸೀನಿ, ಆಕಿ ಎದುರಿಗಿ. ಈಗ ನೀವು ಕುಡದೇ ಇಲ್ಲ ಅಂತ ಆಕಿಗಿ ಗೊತ್ತಾದ್ರ...” ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ.

ಬಾಗಿಲು ತೆರೆದು ಮರಗಮ್ಮ ಬಂದಳು. ಕಣ್ಣು ಕೆಂಪಗಿದ್ದವು. ಗಂಡ ಕೂತಿದ್ದ ರೀತಿಯನ್ನು ನೋಡಿದಳು, ಸರ್ವೋತ್ತಮನನ್ನು ನೋಡಿದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವನು ಅವಳನ್ನು ಹಿಂದೆಂದೂ ಕಂಡಿರಲಿಲ್ಲ. ಅವಳಿಗೆ ಮಾತ್ರ ಕೂಡಲೇ ಗೊತ್ತಾಯಿತು.

“ನೀವೇ ಏನ್ರಿ ನೀರಿನ ಸಾಹೇಬ್ರು?”

“ಹೌದಮ್ಮ.”

“ನಾ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈತ ನನಗ ಹೇಳಿದ್ದು ಖರೇನೋ ಸುಳ್ಳೋ ನನಗ ತಿಳೀಲೇಬೇಕು. ಎಂಟು ದಿನ ಆಯ್ತು, ಕಣ್ಣಿಗಿ ನಿದ್ದಿ ಇಲ್ಲ. ಆ ಹೊಳಿ ನೀರು ನೀವು ಕುಡದಿದ್ರಿ ಹೌದಿಲ್ಲೋ?”

ಮಾಪಣ್ಣ ತಲೆ ಎತ್ತಲಿಲ್ಲ. ಟವೆಲ್ಲು ಹಿಡಿದ ಕೈ ಮಾತ್ರ ನಿಶ್ಚಲವಾಯಿತು. ಸರ್ವೋತ್ತಮನ ಎದೆಯಲ್ಲಿ ಅದೇ ಹೊತ್ತಿಗೆ ಏನೋ ಹಗುರಾದದ್ದು ಅವನಿಗೇ ತಿಳಿಯಿತು. ತಾನು ಇಷ್ಟು ದಿನ ಹೇಳಿಕೊಂಡು ಬಂದ ಸುಳ್ಳನ್ನೇ ಮತ್ತೆ ಹೇಳೆಂದು ಇನ್ನೊಬ್ಬ ಕಾಲು ಹಿಡಿದು ಬೇಡುತ್ತಿದ್ದಾನೆ. ಈ ಸಲ ಸುಳ್ಳು ತನಗಾಗಿ ಅಲ್ಲ. ಹಾಗೆಂದು ಅಂದುಕೊಳ್ಳುವಾಗಲೇ ಆ ಹಗುರಕ್ಕೆ ಅವನಿಗೆ ಹೇಸಿಗೆಯಾಯಿತು. ಅವಳು ಕಾಯುತ್ತಿದ್ದಳು.

“ಕುಡಿದಿದ್ದೆ” ಎಂದ.

“ಒಂದು ಪೂರಾ ಗ್ಲಾಸು?”

“ಹೌದು.”

ಮಾಪಣ್ಣ ಉಸಿರು ಬಿಟ್ಟದ್ದು ಕೇಳಿಸಿತು. ಮರಗಮ್ಮ ಗಂಡನ ಕಡೆ ನೋಡಿದಳು. ಎಷ್ಟೋ ದಿನದಿಂದ ಹಿಡಿದಿದ್ದ ಸಿಟ್ಟು ಅವಳ ಮುಖದಿಂದ ಇಳಿಯುತ್ತಿದ್ದುದು ಕಾಣುತ್ತಿತ್ತು. ಆದರೆ ಮುಖ ಹಗುರಾಗಲಿಲ್ಲ. ಅವಳು ಏನನ್ನೋ ಹುಡುಕುವವಳ ಹಾಗೆ ಜಗುಲಿಯ ನೆಲ ನೋಡುತ್ತ ನಿಂತಳು.

“ಹಂಗಾದ್ರ ನೀರಿಂದ ಅಲ್ಲ” ಎಂದಳು, ತನಗೆ ತಾನೇ. “ಸಾಲಿ ಸುರು ಆಗೋ ಮುಂಚೆ ಐರೋಲಿ ಠೇಸನ್ ಹತ್ರ ಬರ್ಫದ ಗೋಳಾ, ಆ ಐಸಿನ ಉಂಡಿ, ಬೇಕು ಅಂತ ಅತ್ಲು. ಬ್ಯಾಡ ಬ್ಯಾಡ ಅಂದ್ರೂ ಕೇಳ್ಲಿಲ್ಲ. ಎರಡು ಸಲ ಕೊಡಿಸೀನಿ. ಕೆಂಪು ಬಣ್ಣದ್ದು. ನಾನೇ ಕೊಡಿಸೀನಿ ನೋಡ್ರಿ, ನನ್ನ ಕೈಲೇ.” ಅಂಗೈಯಿಂದ ಹಣೆಗೆ ಒಂದೇಟು ಹೊಡೆದುಕೊಂಡಳು. “ಇಷ್ಟು ದಿನ ಈತಗ ಸುಮ್ಮ ಸುಮ್ಮನೆ ಬೈದೆ.”

“ಇಲ್ಲಮ್ಮ” ಎಂದ ಸರ್ವೋತ್ತಮ. “ಹಾಗಲ್ಲ. ಅದು...” ಮುಂದಿನ ಮಾತಿಗಾಗಿ ಅವನು ಮಾಪಣ್ಣನ ಕಡೆ ನೋಡಿದ. ಮಾಪಣ್ಣ ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದ.

ಅವನ ‘ಇಲ್ಲಮ್ಮ’ ಅವಳಿಗೆ ದೊಡ್ಡವರು ಹೇಳುವ ಸಮಾಧಾನದ ಮಾತಾಗಿ ಕೇಳಿಸಿರಬೇಕು. ಅವಳು ತಲೆ ಅಲ್ಲಾಡಿಸಿದಳು. ಕಣ್ಣೊರೆಸಿಕೊಂಡ ಸೆರಗಿನಿಂದಲೇ ಪಕ್ಕದ ಬೆಂಚಿನ ಮೇಲಿದ್ದ ಮಳೆಯ ಇರಚಲನ್ನು ಒರೆಸಿದಳು.

“ಎಷ್ಟೊತ್ತು ನಿಂದ್ರತೀರಿ, ಕೂಡ್ರಿ ಸಾಹೇಬ್ರ” ಎಂದಳು.

ಅವನು ಕೂತ.